ಅನ್‌ಕ್ಲೇಮ್ಡ್ ಎಂಬ ಫೋಲ್ಡರ್

ಜೂನ್ 3, ಸೋಮವಾರ

ಒಂಬತ್ತೂಕಾಲಿಗೆ ಬೀಗ ತೆಗೆದೆ. ಕಿಟಕಿ ಎರಡೂ ತೆರೆದೆ. ಮೂರು ಕತ್ತರಿಗಳನ್ನೂ ಒರೆಸಿಟ್ಟೆ. ಮೂರಕ್ಕೂ ಕೆಲಸ ಇಲ್ಲ, ನನ್ನ ಹಾಗೇ. ಆದರೂ ಒರೆಸುವುದು ಬಿಡಲಾಗಲ್ಲ.

ಅಡ್ಮಿನ್ ಆಫೀಸರ್ ಬಂದ. ನಾನು ಅವನಿಗಿಟ್ಟ ಹೆಸರು ಟೈ. ಕಟಿಂಗ್ಸ್ ರೂಮಿನ ಧೂಳು ತಾಗಬಾರದೆಂದು ಟೈ ತುದಿಯನ್ನು ಜೇಬಿಗೆ ಸೇರಿಸಿಕೊಂಡೇ ಒಳಗೆ ಬರುತ್ತಾನೆ.

"ಅಂಕಲ್, ಎಲ್ಲಾ ಸ್ಕ್ಯಾನ್ ಆಗಿದೆ. ಹದಿನಾಲ್ಕಕ್ಕೆ ಬೆಳಗ್ಗೆ ಹತ್ತಕ್ಕೆ ರದ್ದಿ ಲಾರಿ ಬರುತ್ತೆ. ಅಷ್ಟರೊಳಗೆ ಎಲ್ಲಾ ಮೂಟೆ ಆಗ್ಬೇಕು."

ಎಲ್ಲಾ ಅಂದರೆ ಅರುವತ್ತು ವರ್ಷ. ನಮ್ಮ ಇಂಗ್ಲಿಷ್ ಪೇಪರಿನ ಸುದ್ದಿ ಕತ್ತರಿಸಿ, ರಟ್ಟಿಗೆ ಅಂಟಿಸಿ, ಪದದ ಪ್ರಕಾರ ಫೋಲ್ಡರಿಗೆ ಹಾಕಿಟ್ಟ ರೂಮು. ಆಕ್ಸಿಡೆಂಟ್ಸ್, ಬ್ರಿಡ್ಜಸ್, ಸರ್ಕಸ್... ಮೊದಲು ಅಪ್ಪ ಹೆಡ್, ಆಮೇಲೆ ನಾನು. ತಿಂಗಳ ಕೊನೆಗೆ ನನಗೂ ರಿಟೈರ್ಮೆಂಟ್. ನನ್ನನ್ನು ಮಾತ್ರ ಯಾರೂ ಸ್ಕ್ಯಾನ್ ಮಾಡಲಿಲ್ಲ.

ಮಧ್ಯಾಹ್ನ ಒಬ್ಬ ಪಿಎಚ್‌ಡಿ ಹುಡುಗಿ. ಪರ್ಮಿಷನ್ ಲೆಟರ್ ಇದೆ. ಹಳೇ ಪೇಪರು, ಮ್ಯಾಗಝೀನುಗಳಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಹೇಗೆ ಬಳಕೆಯಾಯ್ತು ಅನ್ನುವುದು ಅವಳ ಥೀಸಿಸ್. ಯಾವ ಪದವಮ್ಮಾ ಅಂದೆ.

"ಅನ್‌ಕ್ಲೇಮ್ಡ್, ಸರ್."

ಯಾರೂ ತಮ್ಮದು ಅಂತ ಬಂದು ಕೇಳದ್ದು. ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ನೂರಾರು ಫೋಲ್ಡರಿನಲ್ಲಿ ಇವಳಿಗೆ ಅದೇ ಬೇಕಾಯ್ತೇ. ತೆಗೆದುಕೊಟ್ಟೆ.

ಜೂನ್ 4, ಮಂಗಳವಾರ

ಹುಡುಗಿ ಪಟ್ಟುಗಾತಿ. ಒಂದೊಂದು ಬಳಕೆಗೆ ಒಂದೊಂದು ಚೀಟಿ. ತಾರೀಕು, ಪುಟ, ಪೂರ್ತಿ ವಾಕ್ಯ. ಅರ್ಧ ವಾಕ್ಯ ಓದಿ ಹೇಳಿದರೆ ಒಪ್ಪಲ್ಲ. "ವಾಕ್ಯ ಪೂರ್ತಿ ಬೇಕು ಸರ್, ಅರ್ಧಕ್ಕೆ ನಿಂತ್ರೆ ಪದ ಏನ್ ಮಾಡ್ತಿದೆ ಅಂತ ಗೊತ್ತಾಗಲ್ಲ."

ಮೊದಮೊದಲು ಬರೀ ಅನ್‌ಕ್ಲೇಮ್ಡ್ ಕಾಗದಗಳು. ಪೋಸ್ಟಾಫೀಸಿನಲ್ಲಿ ಬಿದ್ದಿರುವ ಪತ್ರಗಳ ವಿಳಾಸದಾರರ ಹೆಸರು, ಕಾಲಂಗಟ್ಟಲೆ. ಆಮೇಲೆ ಲಗೇಜು. ಕುದುರೆ. ಲಾಟರಿ ಬಹುಮಾನ. ಆಸ್ಪತ್ರೆಯ ಹೆಣ. ಮ್ಯಾಗಝೀನಿನ ಜೋಕು ಕಾಲಮ್ಮಿನಲ್ಲಿ ಮದುವೆಯಾಗದ ಹೆಂಗಸು — 'ಅನ್‌ಕ್ಲೇಮ್ಡ್ ಟ್ರೆಷರ್'. ಹುಡುಗಿಗೆ ಮೂವತ್ತೆರಡು, ಮದುವೆಯಾಗಿಲ್ಲವಂತೆ. "ಥ್ಯಾಂಕ್ಸ್ ರೀ ಎಡಿಟರ್ರೇ" ಅಂತ ಆ ಕಟಿಂಗ್‌ಗೆ ಕೈ ಮುಗಿದಳು. ಬಹಳ ದಿನದ ಮೇಲೆ ರೂಮಿನಲ್ಲಿ ನಗು ಕೇಳಿತು. ಕೇಳಿದ್ದು ನನ್ನದೇ.

ಜೂನ್ 6, ಗುರುವಾರ

ಬಂತು. ಬರುತ್ತದೆ ಅಂತ ಗೊತ್ತಿತ್ತು. ಐವತ್ತು ವರ್ಷದ ಹಿಂದಿನ ಕಟಿಂಗ್, ರೈಲ್ವೆಯವರ ಪಟ್ಟಿ. ಹುಡುಗಿ ಗಟ್ಟಿಯಾಗಿ ಓದಿದಳು:

"ಅನ್‌ಕ್ಲೇಮ್ಡ್. ಕಬ್ಬಿಣದ ಟ್ರಂಕು ಒಂದು. ಕೊಡೆ ಎರಡು. ಹೆಣ್ಣು ಮಗು, ಸುಮಾರು ನಾಲ್ಕು ವರ್ಷ. ಹಾಸಿಗೆ ಸುರುಳಿ ಒಂದು."

ಪೆನ್ನು ಕೆಳಗಿಟ್ಟಳು. "ಸರ್... ಕೊಡೆ ಆದ್ಮೇಲೆ ಮಗು!"

"ಹೂಂ," ಅಂದೆ.

"ಏನಾಯ್ತೋ ಪಾಪ ಆ ಮಗು."

ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೂತಿದೆ ಅನ್ನಬೇಕಿತ್ತು. ನನಗೆ ದಿನಾ ಡಬ್ಬಿ ಕಟ್ಟಿ ಕಳಿಸುತ್ತದೆ. ಗೊರಕೆ ಹೊಡೆದರೆ ತಿವಿಯುತ್ತದೆ. ನನ್ನ ಹೆಂಡತಿಯನ್ನು ಚೀಟಿ ಮಾಡಿ ಡಬ್ಬಿಗೆ ಹಾಕಿಕೊಂಡಳು ಹುಡುಗಿ, ತಾರೀಕು ಪುಟ ಸಮೇತ. ಸಿಟ್ಟು ಬಂತು. ಅವಳ ಮೇಲಲ್ಲ. ಆ ಎರಡು ಕೊಡೆಗಳ ಮೇಲೆ.

ರಾತ್ರಿ ಊಟವಾದ ಮೇಲೆ ಎಲ್ಲ ನೆನಪಾಗುತ್ತಿದೆ. ಬರೆದಿಡುತ್ತೇನೆ.

ಇವಳು, ನನ್ನ ಹೆಂಡತಿ, ರೈಲು ಕೊನೆಯ ಸ್ಟೇಷನ್ನಾದ ನಮ್ಮೂರಿಗೆ ಬಂದು ನಿಂತಾಗ ಬೋಗಿಯಲ್ಲಿ ಒಬ್ಬಳೇ ಇದ್ದಳಂತೆ. ಮುಷ್ಟಿಯಲ್ಲಿ ತೂಕದ ಯಂತ್ರದ ಚೀಟಿ, ಹದಿಮೂರು ಕೆಜಿ. ಯಾವ ಸ್ಟೇಷನ್ನಿನದು ಅಂತ ಅದರ ಮೇಲಿಲ್ಲ. ಹೆಸರು ಹೇಳಲಿಲ್ಲ, ಅಳು ಬಿಟ್ಟು ಏನೂ ಹೇಳಲಿಲ್ಲ. ಅನಾಥ ಮಕ್ಕಳ ಹೋಮ್‌ಗೆ ಸೇರಿಸಿದರು. ಆ ತಿಂಗಳು ಬಂದ ಮಕ್ಕಳಿಗೆಲ್ಲ ಒಂದೇ ಅಕ್ಷರದಿಂದ ಹೆಸರಿಡುವುದು ಅಲ್ಲಿನ ಪದ್ಧತಿ. "ಅದು ಹೆಸರಲ್ಲ, ರೋಲ್ ನಂಬರು" ಅನ್ನುತ್ತಾಳೆ ಈಗಲೂ. ಅದಕ್ಕೇ ನಾನು ಹೆಸರು ಹಿಡಿದು ಕರೆಯುವುದೇ ಇಲ್ಲ. 'ಇವಳೇ' ಅಂತಲೇ ಮೂವತ್ತನಾಲ್ಕು ವರ್ಷ ಕಳೆದುಹೋಯ್ತು.

ಹತ್ತೊಂಬತ್ತನೇ ವಯಸ್ಸಿಗೆ ನಮ್ಮ ರೂಮಿಗೆ ಬಂದಳು. ಯಾರಾದರೂ ತನ್ನನ್ನು ಹುಡುಕಿ ಜಾಹೀರಾತು ಕೊಟ್ಟಿದ್ದರೇ ಅಂತ ನೋಡಲು. ಅಂಥವನ್ನು ಗಮನಿಸಿ ಹೋಮ್‌ಗೆ ತಿಳಿಸುವುದು ಮೊದಲಿನಿಂದಲೂ ಅಪ್ಪನದೇ ಜವಾಬ್ದಾರಿ, ಹೋಮ್‌ನವರು ಬರೆದು ಕೇಳಿಕೊಂಡಿದ್ದರು. ಅಪ್ಪ ಆ ವರ್ಷದ ಬೈಂಡ್ ವಾಲ್ಯೂಮ್ ಇಳಿಸಿದರು. ದಿನ ದಿನದ ಪುಟ ತಿರುವಿದರು. ಒಂದು ಪುಟದಲ್ಲಿ, ಸಣ್ಣ ಜಾಹೀರಾತುಗಳ ನಡುವೆ, ಚೌಕಾಕಾರದ ತೂತು. ಅದು ನ್ಯೂಸ್‌ಪ್ರಿಂಟ್ ಕೊರತೆಯ ವರ್ಷ. ನಮ್ಮ ರೂಮಿಗೆ ಒಂದೇ ಕಾಪಿ. ಫೈಲ್ ಕಾಪಿಗೇ ಕತ್ತರಿ ಹಾಕಬೇಕಾಗಿತ್ತು. ಒಂದು ಬದಿ ಕತ್ತರಿಸಿ ಅಂಟಿಸಿದರೆ ಇನ್ನೊಂದು ಬದಿ ರಟ್ಟಿನ ಪಾಲು.

ಅವಳು ತೂತಿನೊಳಗೆ ಕೈ ತೂರಿಸಿ ನನ್ನ ಕಡೆ ಬೆರಳು ಆಡಿಸಿದಳು. "ಇದೇನ್ ಸರ್, ಕಿಟಕೀನಾ?" ನನಗೆ ಇಪ್ಪತ್ತಮೂರು. ಆ ಬೆರಳುಗಳಿಗೇ ನಾನು ಮುಗಿದುಹೋದೆ. ಅಪ್ಪನ ಮುಖ ನೋಡಲಿಲ್ಲ. ನೋಡಬೇಕಿತ್ತು.

"ಆಚೆ ಬದಿ ಒಂದು ಫೋಟೋ ಇತ್ತಮ್ಮ, ಅದನ್ನ ತೆಗೆದಿದೀವಿ. ಇನ್ನೇನೂ ಇಲ್ಲ" ಅಂದರು ಅಪ್ಪ. ಆರು ತಿಂಗಳ ಮೇಲೆ ಅವರೇ ಕೇಳಿದರು, ಆ ಹುಡುಗಿಯನ್ನ ಮನೆಗೆ ತಂದುಕೊಳ್ಳೋಣವೇನೋ ಅಂತ. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಜೂನ್ 11, ಮಂಗಳವಾರ

ಮೂವತ್ತೆಂಟು ಮೂಟೆ ಆಯ್ತು. ಬೆನ್ನು ಹಿಡಿದುಕೊಂಡಿದೆ.

ಹುಡುಗಿ ಇವತ್ತು ಒಂದು ವಿಷಯ ಕಂಡುಹಿಡಿದಳು. ನಾನು ಮೂವತ್ತೈದು ವರ್ಷ ಇಲ್ಲೇ ಕೂತು ಕಾಣದೇ ಇದ್ದದ್ದು. ಅನ್‌ಕ್ಲೇಮ್ಡ್ ಪಟ್ಟಿ ಬರುತ್ತಿದ್ದದ್ದು ಸಿಟಿ ಎಡಿಷನ್ನಿನಲ್ಲಿ ಮಾತ್ರ. ರೈಲಿನಲ್ಲಿ ಹೊರಗಿನ ಊರುಗಳಿಗೆ ಹೋಗುವ ಡಾಕ್ ಎಡಿಷನ್ನಿನಲ್ಲಿ ಅದೇ ಜಾಗಕ್ಕೆ ಸೋಪಿನ ಜಾಹೀರಾತು.

"ನೋಡಿ ಸರ್, ಇಲ್ಲಿ ಸಿಕ್ಕಿದ್ದನ್ನ ಇಲ್ಲಿಯವರಿಗೇ ಹೇಳ್ತಿದ್ರು. ಕಳ್ಕೊಂಡೋರು ಇದ್ದ ಊರಿಗೆ ಈ ಪದ ಹೋಗ್ತಾನೇ ಇರ್ಲಿಲ್ಲ."

ನಾನು ಏನೋ ಗೊಣಗಿದೆ.

ಸಂಜೆ ಫೋಲ್ಡರ್ ಮುಗಿಸಿದಳು. ಕೊನೆಯಲ್ಲಿ ಒಂದು ದಪ್ಪ ರಟ್ಟು ತೋರಿಸಿ, "ಇದು ತಪ್ಪಿ ಇಲ್ಲಿ ಸೇರಿದೆ ಸರ್, ಯಾವುದೋ ಬ್ರಿಡ್ಜು. ಏನ್ ಮಾಡ್ಲಿ?" ಅಂದಳು. ಟೈ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. "ಆ ಕಡೆ ರಾಶಿಗೆ ಹಾಕಮ್ಮ" ಅಂದೆ. ತಲೆ ಕೂಡ ಎತ್ತಲಿಲ್ಲ.

ಜೂನ್ 13, ಗುರುವಾರ. ಸಂಜೆ ಏಳು

ಅರುವತ್ತನಾಲ್ಕು ಮೂಟೆ. ಹಿತ್ತಲ ಶೆಡ್ಡಿನಲ್ಲಿ ಸಾಲಾಗಿ ಇಟ್ಟಾಯ್ತು. ಬಾಯಿಗೆ ಹಗ್ಗ, ಹಗ್ಗಕ್ಕೆ ಕಂಟ್ರಾಕ್ಟರನ ಟ್ಯಾಗು. ಹುಡುಗಿ ಥ್ಯಾಂಕ್ಸ್ ಹೇಳಿ ಹೋದಳು. ಅನ್‌ಕ್ಲೇಮ್ಡ್‌ಗೆ ನಾನೂರ ಹನ್ನೆರಡು ಚೀಟಿಯಂತೆ. ಇಂಥದ್ದನ್ನು ಇಂಥವರು ಬಂದು ತೆಗೆದುಕೊಂಡು ಹೋದರು ಅನ್ನುವ ಸುದ್ದಿ ಒಂದೂ ಇಲ್ಲವಂತೆ.

ಮನೆಗೆ ಬಂದರೆ ಇವಳು ಒಂದು ಕೋಟು ಹಿಡಿದು ಕೂತಿದ್ದಾಳೆ. ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ನೇತಾಡುತ್ತಿದ್ದದ್ದು. ಯಾರೋ ಒಗೆಯಲು ಕೊಟ್ಟು ಮರೆತದ್ದು. ಮಾಲೀಕ ಎಸೆಯಲು ಹೇಳಿದನಂತೆ.

"ಮೂವತ್ತು ದಿನ ಆದ್ರೆ ನಮ್ಮ ಜವಾಬ್ದಾರಿ ಅಲ್ಲ ಅಂತ ರಶೀದಿ ಹಿಂದೆ ಬರ್ದಿದೆ ಅಂತಾನೆ. ಬರ್ದ್ಬಿಟ್ರೆ ಆಯ್ತಾ? ನಾಳೆ ಆ ಮನುಷ್ಯ ಬಂದು ಕೇಳಿದ್ರೆ?"

"ಹನ್ನೊಂದು ವರ್ಷ ಆಯ್ತಲ್ಲೇ. ಅವನು ಈಗ ಆ ಕೋಟಿನೊಳಗೆ ಹಿಡಿಸ್ತಾನೋ ಇಲ್ವೋ."

"ಹಿಡಿಸದಿದ್ರೆ ಬೇಡ. ನಿಮ್ದು ಇಟ್ಟಿದ್ದೆ ಅಂತ ಹೇಳ್ಬೋದಲ್ಲ," ಅಂದಳು. ಕೋಟು ನಮ್ಮ ಬೀರುವಿಗೆ ಹೋಯ್ತು.

ಆಮೇಲೆ ಕಾಫಿ ಕೊಡುತ್ತಾ ಸುಮ್ಮನೆ ಕೇಳಿದಳು, ಎಲ್ಲಾ ಹೋಯ್ತಾ ಅಂತ. ಹೋಯ್ತು ಅಂದೆ.

"ನನ್ನ ಕಿಟಕೀನೂ?"

"ವಾಲ್ಯೂಮು ಹೋದ ವಾರವೇ ಹೋಯ್ತು. ಸ್ಕ್ಯಾನಿನಲ್ಲಿ ಇದೆ, ತೂತು ಸಮೇತ."

"ಆ ಸೇತುವೆ ಫೋಟೋನಾದ್ರೂ ಒಂದ್ಸಲ ನೋಡ್ಬೇಕಿತ್ತು ಕಣ್ರೀ. ನನ್ನ ಕಿಟಕಿಯಾಚೆ ಏನಿತ್ತು ಅಂತ."

ಯಾವ ಸೇತುವೆ ಅಂದೆ.

"ನಿಮ್ಮಪ್ಪ ಹೇಳ್ಲಿಲ್ವಾ? ನಾನು ಹೊರಡೋವಾಗ ಮತ್ತೆ ಕೇಳ್ದೆ, ಏನ್ ಫೋಟೋ ಸರ್ ಅಂತ. ಹೊಸ ಸೇತುವೆ ಉದ್ಘಾಟನೆ ಅಂದ್ರು."

ಲೋಟ ಕೆಳಗಿಟ್ಟೆ. ಮೊನ್ನೆ ಹುಡುಗಿ ತೋರಿಸಿದ ಬ್ರಿಡ್ಜು. ಸೇತುವೆ. ಅನ್‌ಕ್ಲೇಮ್ಡ್ ಫೋಲ್ಡರಿನಲ್ಲಿ. ಅಪ್ಪ ಮೂವತ್ತೆಂಟು ವರ್ಷದಲ್ಲಿ ಒಂದು ಕಟಿಂಗನ್ನೂ ತಪ್ಪು ಫೋಲ್ಡರಿಗೆ ಹಾಕಿದವರಲ್ಲ. ಇದನ್ನು ಹಾಕಿದರೆ ಬೇಕಂತಲೇ ಹಾಕಿದ್ದು. ನಾನು ತಲೆ ಎತ್ತದೆ ರದ್ದಿಗೆ ಹಾಕಿಸಿದೆ.

ಹುಡುಗಿಗೆ ಫೋನ್ ಮಾಡಿದೆ. ಎತ್ತುತ್ತಿಲ್ಲ. ಮೆಸೇಜ್ ಹಾಕಿದ್ದೇನೆ. ಶೆಡ್ಡಿಗೆ ಬೀಗ ಬಿದ್ದಿದೆ. ಬೆಳಗ್ಗೆ ಆರಕ್ಕೆ ತೆಗೆಯುತ್ತಾರೆ.

ಜೂನ್ 14, ಶುಕ್ರವಾರ. ಬೆಳಗ್ಗೆ ಆರೂ ಹತ್ತು

ಶೆಡ್ಡಿನ ಮುಂದೆ. ಸೆಕ್ಯುರಿಟಿಯವನು (ನಾನಿಟ್ಟ ಹೆಸರು ಮೀಸೆ) ಬೀಗ ತೆಗೆದ, ಒಳಗೆ ಬಿಡಲ್ಲ ಅನ್ನುತ್ತಿದ್ದಾನೆ.

"ಟ್ಯಾಗ್ ಬಿದ್ಮೇಲೆ ಅದು ಕಂಟ್ರಾಕ್ಟರ್ ಮಾಲು ಸಾರ್. ಬಿಚ್ಚಿದ್ರೆ ನನ್ನ ಕೆಲ್ಸ ಹೋಗುತ್ತೆ."

ಇಪ್ಪತ್ತು ವರ್ಷದ ಪರಿಚಯ. ಅವನ ಮಗಳು ಡಿಸ್ಟ್ರಿಕ್ಟ್ ಫಸ್ಟ್ ಬಂದಾಗಿನ ಕಟಿಂಗ್ ಮಾಡಿಕೊಟ್ಟವನು ನಾನು, ಫ್ರೇಮ್ ಹಾಕಿಸಿ ಗೋಡೆಗೆ ತೂಗಿದ್ದಾನೆ. ಅದನ್ನು ನೆನಪಿಸಲು ನಾಚಿಕೆಯಾಯ್ತು. ಆದರೂ ನೆನಪಿಸಿದೆ.

ಬೇರೆ ಕಡೆ ನೋಡುತ್ತಾ ಬೀಡಿ ಹಚ್ಚಿಕೊಂಡಿದ್ದಾನೆ. ಒಳಗೆ ಹೋಗುತ್ತೇನೆ.

ಅದೇ ದಿನ, ಮಧ್ಯಾಹ್ನ ಎರಡು

ಆದದ್ದನ್ನು ಆದ ಹಾಗೆ ಬರೆಯಬೇಕು.

ಎಂಟರ ಹೊತ್ತಿಗೆ ಹತ್ತೊಂಬತ್ತು ಮೂಟೆ ಬಿಚ್ಚಿ ಕಟ್ಟಿದ್ದೆ. ಎಂಟೂವರೆಗೇ ಲಾರಿ ಬಂತು, ಹೇಳಿದ್ದಕ್ಕಿಂತ ಒಂದೂವರೆ ಗಂಟೆ ಮುಂಚೆ. ಸರ್ಕಾರಿ ಕೆಲಸವಾಗಿದ್ದರೆ ಮೂರು ದಿನ ತಡ ಆಗಿರುತ್ತಿತ್ತು. ನಾನು ಈ ತುದಿಯಿಂದ ಬಿಚ್ಚುತ್ತಿದ್ದೇನೆ, ಲೋಡರ್‌ಗಳು ಆ ತುದಿಯಿಂದ ಏರಿಸುತ್ತಿದ್ದಾರೆ. ಇಬ್ಬರು ಅವರು, ಒಬ್ಬ ನಾನು. ಮೂವತ್ತನೇ ಮೂಟೆಗೆ ಬೆರಳು ಕೊಯ್ದು ರಕ್ತ. ಅಷ್ಟರಲ್ಲಿ ಟೈ.

"ಏನ್ ಅಂಕಲ್ ಇದು?"

"ಒಂದು ಕಟಿಂಗ್ ಬೇಕು."

"ಎಲ್ಲಾ ಸ್ಕ್ಯಾನ್ ಆಗಿದೆಯಲ್ಲ."

"ಇದರ ಹಿಂದಿನ ಬದಿ ಆಗಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ಹೇಗೆ ಆಗಬೇಕು. ಹಿಂದಿನ ಬದಿ ಅಂತೊಂದು ಇರುತ್ತದೆ ಅಂತಲೇ ಆ ಮೆಶೀನಿಗೆ ಗೊತ್ತಿಲ್ಲ. "ಸಾಕು ಬಿಡಿ, ವಯಸ್ಸಾಯ್ತು" ಅಂತ ತೋಳು ಹಿಡಿದ. ಕಿತ್ತುಕೊಂಡೆ. ಮೂವತ್ತೈದು ವರ್ಷದಲ್ಲಿ ಆಫೀಸಿನಲ್ಲಿ ದನಿ ಎತ್ತಿದವನಲ್ಲ. ಇವತ್ತು ಕೂಗಿದೆ. "ಅದು ನನ್ನ ಹೆಂಡತೀದು ಕಣೋ!" ಇಡೀ ಹಿತ್ತಲು ತಿರುಗಿ ನೋಡಿತು.

ಆಗಲೇ ಗೇಟಿನಿಂದ ಹುಡುಗಿ ಓಡಿ ಬಂದದ್ದು. ಬೆಳಗ್ಗೆ ಮೆಸೇಜ್ ನೋಡಿದಳಂತೆ. "ಸರ್, ಕೆಂಪು ಹಗ್ಗ! ಅವತ್ತು ಹಗ್ಗ ಮುಗಿದಿತ್ತು, ಆ ರಾಶಿ ತುಂಬಿದ ಮೂಟೆಗೆ ನೀವು ಕೆಂಪು ಪ್ಲಾಸ್ಟಿಕ್ ಹಗ್ಗ ಕಟ್ಟಿದ್ರಿ!"

ಹೌದು. ಶೆಡ್ಡಿನಲ್ಲಿ ಕೆಂಪು ಹಗ್ಗದ್ದು ಇಲ್ಲ. ಆಗಲೇ ಲಾರಿ ಮೇಲೆ, ಮೂರನೇ ಸಾಲಿನಲ್ಲಿ, ಅದರ ಮೇಲೆ ಇನ್ನೂ ಎರಡು. ಐವತ್ತೆಂಟರ ಮುದುಕ ಲಾರಿ ಹತ್ತಿದ. ಹುಡುಗಿ ಹಿಂದೆಯೇ. ಲೋಡರ್ ಒಬ್ಬ ಏನನ್ನಿಸಿತೋ, "ಇಳೀರಿ ಯಜಮಾನ್ರೇ, ಬೀಳ್ತೀರಾ" ಅಂತ ತಾನೇ ಮೂಟೆ ಎಳೆದು ಕೆಳಗೆ ಹಾಕಿದ. ಬಿಚ್ಚಿದೆವು. ತಳದಲ್ಲಿ ಇತ್ತು.

ಶರ್ಟಿನೊಳಗೆ ಸೇರಿಸಿಕೊಂಡೆ. ಟೈ ನೋಡಿದ, ಲಾರಿಯವನ ಕಡೆ ತಿರುಗಿಕೊಂಡ. ಮೀಸೆ ಎರಡನೇ ಬೀಡಿ ಹಚ್ಚಿದ.

ಹುಡುಗಿ ಯಾಕೆ ಏನು ಅಂತ ಕೇಳಿದಳು. ಕೊಡೆ ಆದ ಮೇಲಿನ ಮಗು ಯಾರು ಅಂತ ಹೇಳಿದೆ. ಅಲ್ಲೇ ಮೂಟೆ ಮೇಲೆ ಕೂತುಬಿಟ್ಟಳು.

ಜೂನ್ 15, ಶನಿವಾರ

ರಜೆ ಹಾಕಿದೆ. ಇವಳು ಅಂಗಡಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ರಟ್ಟು ನೋಡಿದೆ.

ಸೇತುವೆ, ರಿಬ್ಬನ್ನು, ಟೋಪಿ ಹಾಕಿದ ಗಣ್ಯರು. ತಾರೀಕು ಸರಿಯಾಗಿ ಅದೇ, ಕಿಟಕಿಯ ಪುಟದ್ದು. ಅಂಚು ನೋಡಿದೆ. ದೀಪದ ಹತ್ತಿರ ಹಿಡಿದು ಮತ್ತೆ ನೋಡಿದೆ.

ಆ ಕಾಲದಲ್ಲಿ ರೂಮಿನಲ್ಲಿ ಬಳಸುತ್ತಿದ್ದದ್ದು ಮೈದಾ ಅಂಟು. ಕಂದು ಬಣ್ಣಕ್ಕೆ ತಿರುಗುತ್ತದೆ, ಹುಳು ತಿನ್ನುತ್ತದೆ. ಇದರ ಅಂಚಿನಲ್ಲಿ ಇರುವುದು ಬಾಟಲಿ ಗೋಂದು, ಗಾಜಿನ ಹಾಗೆ ಹೊಳೆಯುತ್ತದೆ. ಬಾಟಲಿ ಗೋಂದು ರೂಮಿಗೆ ಬಂದದ್ದು ನಾನು ಕೆಲಸಕ್ಕೆ ಸೇರಿದ ವರ್ಷ. ಅವಳು ಕಿಟಕಿಯಲ್ಲಿ ಬೆರಳು ಆಡಿಸಿದ ವರ್ಷ. ಅಂದರೆ ಯಾರೋ ಇದನ್ನು ಒಮ್ಮೆ ನೆನೆಸಿ ಬಿಡಿಸಿದ್ದಾರೆ. ಹಿಂದಿನ ಬದಿ ಓದಿದ್ದಾರೆ. ಮತ್ತೆ ಅಂಟಿಸಿದ್ದಾರೆ.

ಯಾರೋ ಏನು. ಅಪ್ಪ.

ರಟ್ಟು ಯಾಕೆ ಇಷ್ಟು ದಪ್ಪ ಅಂತ ಆಗ ಹೊಳೆಯಿತು. ಎರಡು ರಟ್ಟು ಒಂದರ ಮೇಲೊಂದು, ಅಂಚಿಗೆ ಗೋಂದು. ಬ್ಲೇಡು ಹಾಕಿ ಸೀಳಿದೆ. ನಡುವೆ ಒಂದು ಲಕೋಟೆ. ರಿಜಿಸ್ಟರ್ಡ್. ಬಾಯಿ ಒಡೆದಿಲ್ಲ. ಅಪ್ಪನ ದುಂಡಗಿನ ಅಕ್ಷರ:

'ಮಗಳನ್ನು ಕಳೆದುಕೊಂಡ ತಾಯಿಗೆ. ಮೂಲಕ, ಪುಸ್ತಕದಂಗಡಿಯವರು, ಎರಡನೇ ಪ್ಲಾಟ್‌ಫಾರಂ, ಜಂಕ್ಷನ್.'

ಅದರ ಮೇಲೆ ಅಡ್ಡಡ್ಡಲಾಗಿ ಪೋಸ್ಟಾಫೀಸಿನ ನೇರಳೆ ಮೊಹರು. ಅನ್‌ಕ್ಲೇಮ್ಡ್. ವಾಪಸ್. ತಾರೀಕು, ಅವಳು ನಮ್ಮ ರೂಮಿಗೆ ಬಂದುಹೋದ ಐದು ತಿಂಗಳಿಗೆ. ಮದುವೆ ಮಾತು ಎತ್ತಿದ್ದಕ್ಕೆ ಒಂದು ತಿಂಗಳು ಮುಂಚೆ.

ಹಾಗಾದರೆ ತಾಯಿ ಇದ್ದಳು. ಹುಡುಕಿದ್ದಳು. ಜಾಹೀರಾತು ಕೊಟ್ಟಿದ್ದಳು. ನಮ್ಮಪ್ಪ ತಿರುಗಿಸಿ ನೋಡದೆ ಕತ್ತರಿ ಹಾಕಿದರು. ಹದಿನೈದು ವರ್ಷವಾದ ಮೇಲೆ ಕಾಗದ ಬರೆದರು. ಕಾಗದ ವಾಪಸ್ ಬಂತು. ಆಮೇಲೆ ಸೊಸೆ ಮಾಡಿಕೊಂಡರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ನನಗೆ ಹೊಡೆದದ್ದು ಒಂದೇ ಸಲ. ಹಿಂದಿನ ಬದಿ ನೋಡದೆ ಕತ್ತರಿಸಿದ್ದಕ್ಕೆ. "ತಿರುಗಿಸಿ ನೋಡು! ಕತ್ತರಿ ಹಾಕೋಕೆ ಮುಂಚೆ ತಿರುಗಿಸಿ ನೋಡು!" ಬರೀ ಹವಾಮಾನ ವರದಿ ಇತ್ತು ಹಿಂದೆ. ಅದಕ್ಕೆ ಇಷ್ಟು ಸಿಟ್ಟೇ ಅಂತ ಆಗ ಅತ್ತಿದ್ದೆ.

ಅಪ್ಪನ ಮೇಲೆ ಮೈಯೆಲ್ಲ ಉರಿಯುತ್ತಿದೆ. ಸತ್ತು ಹನ್ನೆರಡು ವರ್ಷ. ಯಾರ ಹತ್ತಿರ ಜಗಳ ಆಡಲಿ. ಕೊನೆಗಾಲದಲ್ಲಿ ಅವರ ಸೇವೆ ಮಾಡಿದವಳು ಇವಳು. ತುತ್ತು ಇಟ್ಟವಳು ಇವಳು. ಆ ಬಾಯಿ ಇವಳ ಕೈಯಿಂದ ಉಂಡಿತು, ಒಂದು ಮಾತು ಹೇಳಲಿಲ್ಲ.

ಲಕೋಟೆ ಒಡೆಯಲಿಲ್ಲ. ನನಗೆ ಬರೆದದ್ದಲ್ಲ.

ಜೂನ್ 19, ಬುಧವಾರ

ನಾಲ್ಕು ದಿನ ಏನೂ ಬರೆಯಲಿಲ್ಲ. ಏನೂ ಮಾಡಲಿಲ್ಲ. ರಟ್ಟು ಬೀರುವಿನಲ್ಲಿ, ಆ ಹನ್ನೊಂದು ವರ್ಷದ ಕೋಟಿನ ಹಿಂದೆ.

ಹೆದರಿಕೆ. ಬೇರೆ ಏನೂ ಅಲ್ಲ. ಯಾರೂ ಬರಲಿಲ್ಲ ಅನ್ನುವುದರ ಮೇಲೆ ಐವತ್ತು ವರ್ಷ ನಿಂತಿದ್ದಾಳೆ. "ನಾನು ಅನ್‌ಕ್ಲೇಮ್ಡ್ ಮಾಲು, ಇವರಪ್ಪ ಕೈ ಹಿಡಿದು ಕರ್ಕೊಂಡ್ ಬಂದ್ರು" ಅಂತ ನೆಂಟರ ಮುಂದೆ ನಗುತ್ತಾಳೆ. ಈಗ ಹೋಗಿ ಏನು ಹೇಳಲಿ? ಬಂದಿದ್ದರು, ನಿನ್ನ ಮಾವ ಕತ್ತರಿಸಿ ಹಾಕಿದರು ಅಂತಲೇ? ಒಂದೇ ಏಟಿಗೆ ತಾಯಿಯೂ ಸಿಗುತ್ತಾಳೆ, ತಾಯಿಯೂ ಹೋಗುತ್ತಾಳೆ, ಮಾವನೂ ಹೋಗುತ್ತಾನೆ. ಗಂಡನೂ ಹೋಗಬಹುದು.

ಸುಮ್ಮನಿದ್ದುಬಿಡಲೇ. ಮತ್ತೆ ಗೋಂದು ಹಚ್ಚಿ ಅಂಟಿಸಿಬಿಡಲೇ, ಅಪ್ಪನ ಹಾಗೆ... ಈ ಯೋಚನೆ ಎಷ್ಟು ಸಲೀಸಾಗಿ ಬಂತು ಅಂದರೆ ಅಪ್ಪನಿಗೂ ಹೀಗೇ ಬಂದಿರಬೇಕು. ಮೊದಲು ನಾಳೆ ಹೇಳೋಣ. ಆಮೇಲೆ ಮದುವೆ ಕಳೆಯಲಿ. ಆಮೇಲೆ ಇನ್ನೇನು ಹೇಳುವುದು.

ಸಂಜೆ ತರಕಾರಿ ಹೆಚ್ಚುತ್ತಾ ಕೂತಿದ್ದಳು. ಸುತ್ತಿ ಬಳಸಿ ಕೇಳಿದೆ. "ಯಾರಾದ್ರೂ ನಿನ್ನ ಹುಡುಕಿದ್ರು ಅಂತ ಈಗ ಗೊತ್ತಾದ್ರೆ?"

ಚಾಕು ನಿಲ್ಲಲಿಲ್ಲ. "ಈಗ ಗೊತ್ತಾಗಿ ಏನ್ ಮಾಡ್ಲಿ ರೀ. ಹೋಗಿ ತೊಡೆ ಮೇಲೆ ಕೂರ್ಲಾ?"

ಸರಿ, ಮುಗಿಯಿತು ಅಂದುಕೊಂಡೆ. ಪೇಪರ್ ಎತ್ತಿಕೊಂಡೆ. ಎಷ್ಟೋ ಹೊತ್ತಿನ ಮೇಲೆ, ನನಗೆ ಅಂತ ಅಲ್ಲ, ಬೀನ್ಸಿಗೆ ಹೇಳುವ ಹಾಗೆ:

"ಹುಡುಕಿದ್ರೆ... ಏನಂತ ಕೂಗಿರ್ತಾರೆ ಅಂತ ಒಂದೇ. ಕಳೆದುಹೋದ ಮಗೂನ ಸುಮ್ನೆ ಹುಡುಕಲ್ಲ ಅಲ್ವಾ, ಕೂಗ್ತಾರೆ. ಆ ಹೆಸರು ಒಂದು ಗೊತ್ತಾಗಿದ್ರೆ ಸಾಕಿತ್ತು."

ಎದ್ದು ಹೊರಗೆ ಬಂದುಬಿಟ್ಟೆ.

ಜೂನ್ 23, ಭಾನುವಾರ. ಬೆಳಗ್ಗೆ ಹತ್ತೂ ಇಪ್ಪತ್ತು

ಮುಂದಿನ ಕೋಣೆ, ಬಾಗಿಲು ಓರೆ ಮಾಡಿದ್ದೇನೆ. ಇವಳಿಗೆ ಇವತ್ತು ರಜೆ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ಆಫೀಸಿನ ಏನೋ ಕೆಲಸ ಅಂದೆ. "ರಿಟೈರ್ ಆಗೋ ವಾರ ಕೆಲಸ ಉಕ್ಕಿ ಬಂತು ನೋಡಿ" ಅಂದಳು.

ಚಪ್ಪಟೆ ತಟ್ಟೆ, ಉಗುರುಬೆಚ್ಚಗಿನ ನೀರು, ಮೆತ್ತಗಿನ ಬ್ರಶ್ಶು, ಬಟರ್ ಪೇಪರ್. ಐವತ್ತು ವರ್ಷದ ನ್ಯೂಸ್‌ಪ್ರಿಂಟ್, ಒಮ್ಮೆ ನೆನೆದು ಒಣಗಿದ್ದು. ಎರಡನೇ ಸಲ ತಡೆಯುತ್ತದೋ ಇಲ್ಲವೋ. ತಡೆಯದಿದ್ದರೆ ಅವಳ ಹೆಸರು ಪುಡಿಯಾಗಿ ನೀರಿಗೆ ಹೋಗುತ್ತದೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ, ಹುಡುಗಿ ಮೂರು ಲೈಬ್ರರಿಗೆ ಫೋನ್ ಮಾಡಿ ನೋಡಿದಳು. ಅಪ್ಪನ ಲಕೋಟೆಯಲ್ಲಿ ಇರಬಹುದು. ಇಲ್ಲದೆಯೂ ಇರಬಹುದು.

ಹತ್ತೂ ಮೂವತ್ತೈದು

ನೀರಿಗೆ ಬಿಟ್ಟೆ. ಗೋಂದು ಬಿಡುತ್ತಿಲ್ಲ.

ಹತ್ತೂ ಐವತ್ತು

ಎಡ ಮೂಲೆ ಎದ್ದಿತು. ಗಣ್ಯರ ಟೋಪಿಗಳು ತೇಲುತ್ತಿವೆ. ಉಸಿರು ಬಿಡಲೂ ಭಯ. ನಡುವೆ ಒಂದು ಕಡೆ ಹಿಡಿದುಕೊಂಡಿದೆ. ಎಳೆದರೆ ಹರಿಯುತ್ತದೆ. ಕಾಯಬೇಕು. ಅಡುಗೆಮನೆಯಿಂದ ಕೂಗಿದಳು, ಕಾಫಿ ಬೇಕಾ ಅಂತ. ಬೇಡ ಅಂದೆ. ಕಾಫಿ ಬೇಡ ಅಂದದ್ದು ಇದೇ ಮೊದಲು. ಅನುಮಾನ ಬಂದಿರಬೇಕು.

ಹನ್ನೊಂದೂ ಹತ್ತು

ಬಿಟ್ಟಿತು. ಬಟರ್ ಪೇಪರ್ ಮೇಲೆ ತಿರುಗಿಸಿ ಹಾಕಿದೆ. ಬಲಗಡೆ ಒಂದು ಪಟ್ಟಿ ಹೋಯ್ತು, ಅದು ಬೇರೆ ಯಾರದೋ ಹೊಲಿಗೆ ಮೆಶೀನಿನ ಜಾಹೀರಾತು. ನಮ್ಮದು ಇದೆ. ಪೂರ್ತಿ ಇದೆ. ಹುಡುಗಿ ಹೇಳಿದ ಹಾಗೆ ಪೂರ್ತಿ ವಾಕ್ಯ ಬರೆದುಕೊಳ್ಳುತ್ತೇನೆ. ಇಂಗ್ಲಿಷಿನಲ್ಲಿರುವುದನ್ನು ನಮ್ಮ ಮಾತಿನಲ್ಲಿ.

'ಈ ತಿಂಗಳ ಎರಡರಂದು ಜಂಕ್ಷನ್ನಿನ ಎರಡನೇ ಪ್ಲಾಟ್‌ಫಾರಮಿನಲ್ಲಿ, ತಾಯಿ ನೀರು ತರಲು ಹೋದಾಗ, ನಾಲ್ಕು ವರ್ಷದ ಹೆಣ್ಣು ಮಗು ನಿಂತ ರೈಲು ಹತ್ತಿ ಕಾಣೆಯಾಗಿದೆ. ಕೈಯಲ್ಲಿ ತೂಕದ ಚೀಟಿ ಇದೆ. ಬುಗುರಿ ಎಂದು ಕರೆದರೆ ಓಗೊಡುತ್ತದೆ. ತಾಯಿ ಪ್ರತಿದಿನ ಸಂಜೆ ನಾಲ್ಕರಿಂದ ಕೊನೆಯ ರೈಲಿನವರೆಗೆ ತೂಕದ ಯಂತ್ರದ ಹತ್ತಿರವೇ ಇರುತ್ತಾಳೆ. ಕಂಡವರು ಪಕ್ಕದ ಪುಸ್ತಕದಂಗಡಿಗೆ ತಿಳಿಸಬೇಕು.'

ಇಷ್ಟೇ. ಎಲ್ಲಿಯವರೆಗೆ ಕಾಯುತ್ತಾಳೆ ಅಂತ ತಾರೀಕು ಹಾಕಿಲ್ಲ.

ಅಳು ಬಂತು. ಅತ್ತುಬಿಟ್ಟೆ. ಬಾಯಿಗೆ ಟವೆಲ್ ಒತ್ತಿಕೊಂಡು.

ಹನ್ನೊಂದೂವರೆ

ಕಾಗದ ಒಣಗುತ್ತಿದೆ. ಪಕ್ಕದಲ್ಲಿ ಲಕೋಟೆ, ಒಡೆಯದೆ. ಅದನ್ನು ಒಡೆಯಬೇಕಾದವಳು ಆ ಕಡೆ ಇದ್ದಾಳೆ. ಎದ್ದು ಹೋಗಿ ಕೈಯಲ್ಲಿ ಇಡಬೇಕು. ಹೇಳಬೇಕಾದ ಮಾತು ಎಲ್ಲಿಂದ ಶುರು ಮಾಡಿದರೂ ಅಪ್ಪನಿಂದಲೇ ಶುರುವಾಗುತ್ತಿದೆ. ಹಾಗೆ ಬೇಡ. ಮೊದಲು ಅವಳದ್ದು ಅವಳಿಗೆ. ಬೈಗುಳ ಆಮೇಲೆ ತಿನ್ನೋಣ, ಎಷ್ಟು ಕೊಟ್ಟರೂ.

ಕರೆದೆ. ಜೋರಾಗಿ ಅಲ್ಲ. ಕೂತಲ್ಲಿಂದಲೇ, ಓರೆ ಬಾಗಿಲ ಕಡೆ ಮುಖ ಮಾಡಿ.

"ಬುಗುರೀ..."

ನಲ್ಲಿ ಸುರಿಯುತ್ತಲೇ ಇದೆ. ಪಾತ್ರೆ ಸದ್ದು ನಿಂತಿದೆ.

ಮತ್ತೊಮ್ಮೆ ಕರೆಯಲೇ

ಹೆಜ್ಜೆ ಸದ್ದು